ಕಲ್ಲಿದ್ದಲಿನ ಜಾಡು ಹಿಡಿದು ವಿಕ್ಟೋರಿಯಾ ಕಾಲದ ಮನೆಯೊಳಗೆ

ಇಂಗ್ಲೆಂಡಿನಲ್ಲಿ ಕೆಲಸ ಹಿಡಿದು, ಕೆಲವು ವರ್ಷ ಬಾಡಿಗೆ ಮನೆಯಲ್ಲಿದ್ದು, ಇನ್ನು ಸ್ವಂತಕ್ಕೊಂದು ಸೂರು ಮಾಡಿಕೊಳ್ಳೋಣ ಎಂದು ಹೊರಟ ಕನ್ನಡಿಗರಿಗೆ ಮೊದಲ ಒಗಟು ಎದುರಾಗುವುದು ಜಾಹೀರಾತಿನಲ್ಲಿ. ‘ವಿಕ್ಟೋರಿಯನ್ ಸಾಲುಮನೆ, ಮೂಲ ಲಕ್ಷಣಗಳು ಉಳಿದಿವೆ’ ಎಂದು ಅಲ್ಲಿ ಹೆಮ್ಮೆಯಿಂದ ಬರೆದಿರುತ್ತಾರೆ. ಜೊತೆಗೆ ಸ್ಯಾಶ್ ಕಿಟಕಿ, ಕಾರ್ನಿಸ್, ಸೀಲಿಂಗ್ ರೋಸ್, ಪಿಕ್ಚರ್ ರೈಲ್ ಎಂಬ ಪಟ್ಟಿ. ಮನೆ ಹಳೆಯದಾದಷ್ಟೂ ಬೆಲೆ ಇಳಿಯುವುದನ್ನು ಕಂಡವರಿಗೆ ಇದು ವಿಚಿತ್ರ. ನೂರೈವತ್ತು ವರ್ಷದ ಕಿಟಕಿಯನ್ನು ಮಾರುವವನು ಮುಚ್ಚಿಡದೆ ತೋರಿಸಿಕೊಳ್ಳುತ್ತಿದ್ದಾನೆಂದರೆ ಅದರಲ್ಲೇನಿದೆ?

ಇವೆಲ್ಲ ಬರೀ ಅಲಂಕಾರ ಎಂದುಕೊಂಡರೆ ಈ ಮನೆಗಳು ಅರ್ಥವಾಗುವುದಿಲ್ಲ. ಬಹುತೇಕ ಪ್ರತಿಯೊಂದಕ್ಕೂ ಒಂದು ಕೆಲಸವಿತ್ತು, ಆ ಕೆಲಸಗಳಲ್ಲಿ ಹೆಚ್ಚಿನವು ಒಂದೇ ವಸ್ತುವಿಗೆ ಸಂಬಂಧಿಸಿದ್ದವು: ಕಲ್ಲಿದ್ದಲು. ಮನೆಯೊಳಗೆ ಅದು ಎಲ್ಲಿಂದ ಬಂತು, ಯಾರು ಹೊತ್ತರು, ಎಲ್ಲಿ ಉರಿಯಿತು, ಹೊಗೆ ಎಲ್ಲಿಗೆ ಹೋಯಿತು ಎಂದು ನೋಡುತ್ತ ಹೋದರೆ ಮನೆಯ ನಕ್ಷೆಯೇ ಬಿಡಿಸಿಕೊಳ್ಳುತ್ತದೆ.

ಉದಾಹರಣೆಗೆ ಒಂದು ನಿಜವಾದ ಮನೆಯನ್ನೇ ತೆಗೆದುಕೊಳ್ಳೋಣ. ಲಂಡನ್ನಿನ ಕೆನ್ಸಿಂಗ್ಟನ್ ಭಾಗದ ಸ್ಟಾಫರ್ಡ್ ಟೆರೇಸ್ ಬೀದಿಯ 18ನೇ ಸಂಖ್ಯೆಯ ಮನೆ ಅದು. ‘ಪಂಚ್’ ಹಾಸ್ಯಪತ್ರಿಕೆಯ ವ್ಯಂಗ್ಯಚಿತ್ರಕಾರ ಲಿನ್ಲಿ ಸ್ಯಾಂಬೋರ್ನ್ ತನ್ನ ಹೆಂಡತಿ ಮೇರಿಯನ್ ಜೊತೆ 1875ರಲ್ಲಿ ಅಲ್ಲಿ ಸಂಸಾರ ಹೂಡಿದ. ಮಗಳು ಮಾಡ್, ಮಗ ರಾಯ್ ಅಲ್ಲಿಯೇ ಬೆಳೆದರು. ಪೀಠೋಪಕರಣ, ಗೋಡೆ ಕಾಗದ, ಪಿಂಗಾಣಿ, ಚಿತ್ರಗಳ ಸಮೇತ ಆ ಮನೆ ಇಂದಿಗೂ ಹೆಚ್ಚುಕಡಿಮೆ ಹಾಗೆಯೇ ಇದೆ. ಸಾರ್ವಜನಿಕರು ಒಳಗೆ ಹೋಗಿ ನೋಡಬಹುದು.

ತೆರಿಗೆ ಹೋಯಿತು, ರೈಲು ಬಂತು

ವಿಕ್ಟೋರಿಯಾ ರಾಣಿ ಆಳಿದ್ದು 1837ರಿಂದ 1901ರವರೆಗೆ. ಆ ಅವಧಿಯಲ್ಲಿ ಕಟ್ಟಿದ್ದೆಲ್ಲ ವಿಕ್ಟೋರಿಯನ್. ಅರಮನೆಯಂಥದ್ದೂ ಇದೆ, ಕಾರ್ಖಾನೆ ಕೂಲಿಗಳ ಎರಡು ಕೋಣೆಯ ಗೂಡೂ ಇದೆ. ಆದರೆ ಜನರ ಮನಸ್ಸಿನಲ್ಲಿ ಮೂಡುವ ಚಿತ್ರ ಮಧ್ಯಮ ವರ್ಗದ ಸಾಲುಮನೆಯದು. ಅಕ್ಕಪಕ್ಕದ ಮನೆಗಳಿಗೆ ಒಂದೇ ಗೋಡೆ, ಅಗಲ ಕಡಿಮೆ, ಆಳ ಮತ್ತು ಎತ್ತರ ಹೆಚ್ಚು.

ಇವು ಅಷ್ಟು ಬೇಗ ಅಷ್ಟು ಸಂಖ್ಯೆಯಲ್ಲಿ ಎದ್ದು ನಿಂತದ್ದಕ್ಕೆ ಕಾರಣಗಳಿವೆ. ಗಾಜಿನ ಮೇಲಿನ ಸುಂಕ 1845ರಲ್ಲಿ ರದ್ದಾಯಿತು. ಇಟ್ಟಿಗೆಯ ತೆರಿಗೆ 1850ರಲ್ಲಿ ಹೋಯಿತು. ಕಿಟಕಿಗಳನ್ನು ಎಣಿಸಿ ಹಾಕುತ್ತಿದ್ದ ತೆರಿಗೆಗೆ 1851ರಲ್ಲಿ ಮುಕ್ತಾಯ ಹಾಡಿದರು. ಅದು 1696ರಿಂದ ಜಾರಿಯಲ್ಲಿತ್ತು, ತಪ್ಪಿಸಿಕೊಳ್ಳಲು ಜನ ಕಿಟಕಿಗಳನ್ನೇ ಇಟ್ಟಿಗೆಯಿಂದ ಮುಚ್ಚಿಸಿಕೊಂಡು ಕತ್ತಲಲ್ಲಿ ಕುಳಿತದ್ದುಂಟು. ಇತ್ತ ರೈಲು ವೇಲ್ಸಿನ ಬೆಟ್ಟಗಳಿಂದ ಸ್ಲೇಟು ಕಲ್ಲಿನ ಹಲಗೆಗಳನ್ನು ಅಗ್ಗವಾಗಿ ತಂದು ಸುರಿಯತೊಡಗಿತು. ಇಂಗ್ಲೆಂಡಿನ ಊರೂರಿನ ಸೂರು ಒಂದೇ ನೀಲಿಗಪ್ಪು ಬಣ್ಣಕ್ಕೆ ತಿರುಗಿದ್ದು ಹೀಗೆ.

ಕಟ್ಟುತ್ತಿದ್ದವರು ಹೆಚ್ಚಾಗಿ ಗುತ್ತಿಗೆದಾರರು. ಜಮೀನುದಾರನಿಂದ ಭೂಮಿಯನ್ನು ದೀರ್ಘಾವಧಿ ಗುತ್ತಿಗೆಗೆ ಪಡೆದು, ಸಾಲ ತಂದು, ಇಡೀ ಬೀದಿಯನ್ನು ಒಂದೇ ನಕ್ಷೆಯಲ್ಲಿ ಎಬ್ಬಿಸಿ ಮಾರುತ್ತಿದ್ದರು. ಇಂದಿನ ಬಡಾವಣೆ ವ್ಯವಹಾರ ಬಲ್ಲವರಿಗೆ ಇದರಲ್ಲಿ ಹೊಸದೇನಿಲ್ಲ. ಸ್ಟಾಫರ್ಡ್ ಟೆರೇಸಿನ ಮನೆಯೂ ಇಂಥದ್ದೇ. ಹೊರಗಿನಿಂದ ಅದಕ್ಕೂ ಪಕ್ಕದ ಮನೆಗೂ ವ್ಯತ್ಯಾಸ ಹುಡುಕುವುದು ಕಷ್ಟ.

ಇಟ್ಟಿಗೆಯಲ್ಲೂ ಕಲ್ಲಿದ್ದಲಿದೆ. ಲಂಡನ್ನಿನ ಹಳದಿ ಇಟ್ಟಿಗೆ ಮಾಡುವಾಗ ಜೇಡಿಮಣ್ಣಿಗೆ ಸೀಮೆಸುಣ್ಣದ ಪುಡಿಯ ಜೊತೆ ಮನೆಮನೆಗಳ ಒಲೆಯಿಂದ ಸಂಗ್ರಹಿಸಿ ಜರಡಿ ಹಿಡಿದ ಬೂದಿಯನ್ನೂ ಬೆರೆಸುತ್ತಿದ್ದರು. ಬೂದಿಯಲ್ಲಿ ಉಳಿದ ಕಲ್ಲಿದ್ದಲ ಚೂರುಗಳು ಗೂಡಿನಲ್ಲಿ ಹೊತ್ತಿಕೊಂಡು ಇಟ್ಟಿಗೆಯನ್ನು ಒಳಗಿನಿಂದಲೂ ಸುಡುತ್ತಿದ್ದವು. ಒಂದು ಮನೆಯ ಕಸ ಇನ್ನೊಂದು ಮನೆಯ ಗೋಡೆ.

ಫುಟ್‌ಪಾತಿನ ದುಂಡು ಮುಚ್ಚಳ

ಕೆನ್ಸಿಂಗ್ಟನ್ನಿನ ಹಳೆಯ ಬೀದಿಗಳಲ್ಲಿ ನಡೆಯುವಾಗ ತಲೆ ತಗ್ಗಿಸಿ ನೋಡಿದರೆ ಫುಟ್‌ಪಾತಿನಲ್ಲಿ ಸುಮಾರು ಒಂದಡಿ ಅಗಲದ ಎರಕದ ಕಬ್ಬಿಣದ ಮುಚ್ಚಳಗಳು ಕಾಣುತ್ತವೆ. ಮೇಲೆ ನಕ್ಷತ್ರ, ಹೂವು, ಜಾಲರಿಯ ಉಬ್ಬು ಚಿತ್ತಾರ, ಸುತ್ತಲೂ ಎರಕದವನ ಹೆಸರು. ಉಬ್ಬು ಇರುವುದು ಮಳೆಯಲ್ಲಿ ಕಾಲು ಜಾರದಿರಲಿ ಎಂದು. ದುಂಡಗಿರುವುದು ಮುಚ್ಚಳ ಹೇಗೆ ತಿರುಗಿದರೂ ತನ್ನದೇ ರಂಧ್ರದೊಳಗೆ ಬೀಳದಿರಲಿ ಎಂದು. ಕಿರಿದಾಗಿರುವುದು ಕಳ್ಳ ಅದರೊಳಗೆ ತೂರದಿರಲಿ ಎಂದು. ಕಲ್ಲಿದ್ದಲು ಗಾಡಿಯವನು ಮುಚ್ಚಳ ತೆಗೆದು ಚೀಲ ಬೋರಲು ಹಾಕಿದರೆ ಸರಕು ನೇರವಾಗಿ ಫುಟ್‌ಪಾತಿನ ಕೆಳಗಿನ ನೆಲಮಾಳಿಗೆಗೆ ಬೀಳುತ್ತಿತ್ತು. ಅವನ ಮಸಿಯ ಬೂಟು ಮನೆಯ ಹೊಸ್ತಿಲನ್ನೂ ತುಳಿಯುತ್ತಿರಲಿಲ್ಲ.

ರಸ್ತೆ ಮತ್ತು ಮನೆಯ ನಡುವೆ ನೆಲಮಟ್ಟಕ್ಕಿಂತ ತಗ್ಗಿನಲ್ಲಿ ಒಂದು ಕಿರಿದಾದ ಅಂಗಳ, ಅದಕ್ಕೆ ಕಬ್ಬಿಣದ ಕಟಕಟೆ, ಇಳಿಯಲು ಬೇರೆಯೇ ಮೆಟ್ಟಿಲು. ಮೇಲಿನ ಮೆಟ್ಟಿಲು ಮನೆಯವರಿಗೆ ಮತ್ತು ಅತಿಥಿಗಳಿಗೆ, ಕೆಳಗಿನದು ಕೆಲಸದವರಿಗೆ, ಮೀನು ಮಾಂಸ ಮಾರುವವರಿಗೆ. ಅಡುಗೆಮನೆಯೂ ಕೆಳಗೆಯೇ.

ಹಗಲೆಲ್ಲ ನೆಲಮಾಳಿಗೆಯಲ್ಲಿ ದುಡಿಯುವ ಕೆಲಸದ ಹುಡುಗಿಯ ಮಲಗುವ ಕೋಣೆ ಇದ್ದದ್ದು ಸೂರಿನ ಕೆಳಗಿನ ಕೊನೆಯ ಅಂತಸ್ತಿನಲ್ಲಿ. ನಡುವಿನ ಅಂತಸ್ತುಗಳೆಲ್ಲ ಮನೆಯವರವು. ಊಟದ ಕೋಣೆ ನೆಲ ಅಂತಸ್ತಿನಲ್ಲಿ, ದಿವಾನಖಾನೆ ಮೊದಲ ಮಹಡಿಯಲ್ಲಿ, ಮಲಗುವ ಕೋಣೆಗಳು ಅದರ ಮೇಲೆ. ಪ್ರತಿ ಕೋಣೆಯ ಬೆಂಕಿಗೂ ಬಕೆಟ್ಟಿನಲ್ಲಿ ಕಲ್ಲಿದ್ದಲು ಹೊತ್ತು ಏರಬೇಕು, ಬೂದಿ ಹೊತ್ತು ಇಳಿಯಬೇಕು. ಸ್ಯಾಂಬೋರ್ನ್ ಕುಟುಂಬ ಹೇಳಿಕೊಳ್ಳುವಂಥ ಶ್ರೀಮಂತರೇನಲ್ಲ, ಆದರೂ ಅಡುಗೆಯವಳು, ಮನೆಗೆಲಸದವರು, ಮಕ್ಕಳ ದಾದಿ ಇಲ್ಲದೆ ಆ ಮನೆ ಒಂದು ದಿನವೂ ನಡೆಯುತ್ತಿರಲಿಲ್ಲ. ಮೂಲ ಲಕ್ಷಣಗಳ ಬಗ್ಗೆ ಹೊಗಳಿ ಬರೆಯುವವರು ಈ ಮೆಟ್ಟಿಲುಗಳ ಲೆಕ್ಕವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಚಿಮಣಿ ಎಣಿಸಿದರೆ ಕೋಣೆ ತಿಳಿಯುತ್ತದೆ

ಒಂದೊಂದು ಅಗ್ಗಿಷ್ಟಿಕೆಗೂ ಗೋಡೆಯೊಳಗೆ ಪ್ರತ್ಯೇಕ ಹೊಗೆದಾರಿ ಇರುತ್ತದೆ. ಎರಡು ಬೆಂಕಿಗೆ ಒಂದೇ ದಾರಿ ಕೊಟ್ಟರೆ ಒಂದರ ಹೊಗೆ ಇನ್ನೊಂದರ ಕೋಣೆಗೆ ಹಿಂತಿರುಗುವ ಅಪಾಯವಿದೆ. ಆದ್ದರಿಂದ ಸೂರಿನ ಮೇಲೆ ಸಾಲಾಗಿ ನಿಂತ ಮಣ್ಣಿನ ಕೊಳವೆಗಳನ್ನು ರಸ್ತೆಯಿಂದಲೇ ಎಣಿಸಿ ಒಳಗೆ ಎಷ್ಟು ಒಲೆಗಳಿದ್ದವು ಎಂದು ಹೇಳಬಹುದು. ಕೋಣೆಯೊಳಗೆ ಗೋಡೆಯ ಒಂದು ಭಾಗ ಮುಂದಕ್ಕೆ ಚಾಚಿಕೊಂಡಿದ್ದರೆ, ಅಲ್ಲಿ ಬೆಂಕಿ ಕಾಣದಿದ್ದರೂ ಹಿಂದೆ ಹೊಗೆದಾರಿ ಇದೆ ಎಂದೇ ಅರ್ಥ. ಅದರ ಎರಡೂ ಬದಿಯ ಸಂದುಗಳಲ್ಲಿ ಕಪಾಟು ಮಾಡಿಕೊಳ್ಳುವುದು ಅಂದಿನಿಂದ ಇಂದಿನವರೆಗೂ ರೂಢಿ.

ಅಗ್ಗಿಷ್ಟಿಕೆಯ ಚೌಕಟ್ಟು ಕೋಣೆಯ ದರ್ಜೆಯನ್ನು ಹೇಳುತ್ತದೆ. ದಿವಾನಖಾನೆಯಲ್ಲಿ ಅಮೃತಶಿಲೆ, ಮಲಗುವ ಕೋಣೆಯಲ್ಲಿ ಬಣ್ಣ ಬಳಿದ ಎರಕದ ಕಬ್ಬಿಣ, ಕೆಲಸದವರ ಕೋಣೆಯಲ್ಲಿ ಅಂಗೈ ಕಾಯಿಸುವಷ್ಟು ಕಿರಿಯ ಒಲೆ, ಕೆಲವೊಮ್ಮೆ ಅದೂ ಇಲ್ಲ. ಬೆಂಕಿಯ ಅಕ್ಕಪಕ್ಕ ಹೊಳಪಿನ ಟೈಲ್ಸ್ ಹಾಕಿದ್ದು ಚೆಂದಕ್ಕೆ ಮಾತ್ರವಲ್ಲ. ಅವು ಶಾಖವನ್ನು ಕೋಣೆಯತ್ತ ತಿರುಗಿಸುತ್ತಿದ್ದವು, ಮಸಿ ಹಿಡಿದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು.

ಇಷ್ಟೆಲ್ಲ ಮಾಡಿಯೂ ತೆರೆದ ಬೆಂಕಿಯ ಶಾಖದಲ್ಲಿ ಹೆಚ್ಚಿನ ಪಾಲು ಚಿಮಣಿಯಲ್ಲೇ ಹೋಗುತ್ತದೆ. ಬಿಸಿಗಾಳಿ ಮೇಲೇರುವಾಗ ಬಾಗಿಲು ಕಿಟಕಿಗಳ ಸಂದಿನಿಂದ ತಣ್ಣನೆಯ ಗಾಳಿಯನ್ನು ಒಳಕ್ಕೆ ಸೆಳೆಯುತ್ತದೆ. ಮುಖ ಬೆಂದರೂ ಬೆನ್ನಿಗೆ ಚಳಿ ತಪ್ಪುತ್ತಿರಲಿಲ್ಲ. ಆದರೆ ಈ ಸೆಳೆತವೇ ಮನೆಯನ್ನು ಒಣಗಿಸಿಡುತ್ತಿತ್ತು. ಇದು ಮುಂದೆ ಗೋಡೆಯ ವಿಷಯ ಬಂದಾಗ ಬೇಕಾಗುತ್ತದೆ.

ಸೀಲಿಂಗಿನ ಹೂವು, ಗಾಜಿನೊಳಗಿನ ಗಿಡ

ಸೀಲಿಂಗಿನ ನಡುವೆ ಗಾರೆಯ ದೊಡ್ಡ ಹೂವು, ಅಂಚಿನ ಉದ್ದಕ್ಕೂ ಎಲೆ ಬಳ್ಳಿಯ ಪಟ್ಟಿ. ಹೂವಿಗೆ ಸೀಲಿಂಗ್ ರೋಸ್ ಎಂದೂ ಅಂಚಿನ ಪಟ್ಟಿಗೆ ಕಾರ್ನಿಸ್ ಎಂದೂ ಹೆಸರು. ಕಾರ್ನಿಸ್ ಗೋಡೆ ಮತ್ತು ಸೀಲಿಂಗ್ ಕೂಡುವಲ್ಲಿ ಬೀಳುವ ಬಿರುಕನ್ನು ಮರೆಸುತ್ತದೆ. ಮಧ್ಯದ ಹೂವಿನಿಂದ ದೀಪ ತೂಗುತ್ತಿತ್ತು. ಕೆಲವು ಮನೆಗಳಲ್ಲಿ ಅದರ ಎಸಳುಗಳ ಮರೆಯಲ್ಲಿ ಗಾಳಿ ಹೋಗುವ ಕಿಂಡಿಗಳೂ ಇದ್ದವು, ಏಕೆಂದರೆ ದೀಪ ಉರಿಯುತ್ತಿದ್ದದ್ದು ಕಲ್ಲಿದ್ದಲಿನಿಂದ ತೆಗೆದ ಗ್ಯಾಸಿನಲ್ಲಿ. ಅದು ಬೆಳಕಿನ ಜೊತೆ ಸೆಕೆ, ತೇವ, ಗಂಧಕದ ಘಾಟು, ಮಸಿ ಎಲ್ಲವನ್ನೂ ಬಿಡುತ್ತಿತ್ತು. ಎತ್ತರದ ಸೀಲಿಂಗ್ ಇದ್ದರೆ ಈ ಕೆಟ್ಟ ಗಾಳಿ ತಲೆಯ ಮೇಲೆಯೇ ನಿಲ್ಲುತ್ತಿತ್ತು.

ಮೊದಲು ಕುಶಲಕರ್ಮಿಗಳು ಕೈಯಿಂದ ಮಾಡುತ್ತಿದ್ದ ಈ ಗಾರೆ ಕೆಲಸ 1856ರ ನಂತರ ಅಗ್ಗವಾಯಿತು. ಆ ವರ್ಷ ಸೆಣಬಿನ ಬಟ್ಟೆ ಸೇರಿಸಿ ಅಚ್ಚಿನಲ್ಲಿ ಎರಕ ಹೊಯ್ಯುವ ವಿಧಾನಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿತು. ಅಲ್ಲಿಂದ ಗುಮಾಸ್ತನ ಮನೆಯಲ್ಲೂ ದೊರೆಯ ಮನೆಯ ಹೂವು ಅರಳತೊಡಗಿತು.

ಗ್ಯಾಸಿನ ಘಾಟಿಗೆ ಮನೆಯೊಳಗಿನ ಗಿಡಗಳು ಬಾಡುತ್ತಿದ್ದವು. ಹಾಗಾಗಿ ಜರೀಗಿಡಗಳನ್ನು ಗಾಜಿನ ಪೆಟ್ಟಿಗೆಯೊಳಗೆ ಬೆಳೆಸುವ ಹುಚ್ಚು ಹಬ್ಬಿತು. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ರೂಪಿಸಿದ ಪೆಟ್ಟಿಗೆ ಅದು. ಒಳಗಿನ ತೇವ ಒಳಗೇ ಸುತ್ತುತ್ತದೆ, ಹೊರಗಿನ ಮಸಿ ಹೋಗುವುದಿಲ್ಲ. ಸ್ಯಾಂಬೋರ್ನ್ ಮನೆಯ ಕಿಟಕಿಗೂ ಹೊರಕ್ಕೆ ಚಾಚಿದ ಇಂಥ ಗಾಜಿನ ತೋಟ ಅಂಟಿಕೊಂಡಿದೆ. ಇದೇ ಪೆಟ್ಟಿಗೆಗಳಲ್ಲಿ ಹಡಗೇರಿ 1860ರ ದಶಕದ ಆರಂಭದಲ್ಲಿ ದಕ್ಷಿಣ ಅಮೆರಿಕದ ಸಿಂಕೋನಾ ಸಸಿಗಳು ನಮ್ಮ ನೀಲಗಿರಿಗೆ ಬಂದವು, ಮಲೇರಿಯಾಕ್ಕೆ ಕ್ವಿನೈನ್ ತೆಗೆಯಲು. ದಿವಾನಖಾನೆಯ ಶೋಕಿ ಮತ್ತು ಸಾಮ್ರಾಜ್ಯದ ವ್ಯವಹಾರ ಒಂದೇ ಗಾಜಿನೊಳಗೆ ನಡೆಯುತ್ತಿದ್ದವು.

ಗೋಡೆಯ ಮೂರು ಪಟ್ಟಿ

1870ರ ದಶಕದ ನಂತರ ಗೋಡೆಯನ್ನು ಅಡ್ಡಲಾಗಿ ಮೂರು ಭಾಗ ಮಾಡುವುದು ಬಹಳ ಜನಪ್ರಿಯವಾಯಿತು. ಸೊಂಟದ ಎತ್ತರಕ್ಕೆ ಒಂದು ಮರದ ಪಟ್ಟಿ, ಅದು ಡೇಡೋ ರೈಲ್. ಕುರ್ಚಿಯ ಬೆನ್ನು ತಾಗಿ ಗಾರೆ ಉದುರದಿರಲಿ ಎಂದು ಅದರ ಉಪಾಯ. ತಲೆಗಿಂತ ಎಷ್ಟೋ ಮೇಲೆ ಇನ್ನೊಂದು ಪಟ್ಟಿ ಪಿಕ್ಚರ್ ರೈಲ್. ಅದಕ್ಕೆ ಕೊಕ್ಕೆ ಸಿಕ್ಕಿಸಿ ಹುರಿಯಿಂದ ಚಿತ್ರಗಳನ್ನು ಇಳಿಬಿಡುತ್ತಿದ್ದರು. ಒಳಗೋಡೆ ಮತ್ತು ಸೀಲಿಂಗುಗಳಲ್ಲಿ ಹೆಚ್ಚಾಗಿ ಇದ್ದದ್ದು ತೆಳು ಮರದ ರಿಪೀಸುಗಳ ಮೇಲೆ ಪ್ರಾಣಿಗಳ ಕೂದಲು ಬೆರೆಸಿದ ಸುಣ್ಣದ ಗಾರೆ. ಅಂಥದ್ದಕ್ಕೆ ಕಂಡಲ್ಲಿ ಮೊಳೆ ಹೊಡೆದರೆ ಗಾರೆ ಕಿತ್ತು ಬರುತ್ತದೆ.

ಸ್ಯಾಂಬೋರ್ನ್ ದಿವಾನಖಾನೆಯಲ್ಲಿ ಗೋಡೆ ಕಾಣುವುದೇ ಅಪರೂಪ. ಚಿತ್ರದ ಪಕ್ಕ ಚಿತ್ರ, ಚೌಕಟ್ಟಿಗೆ ಚೌಕಟ್ಟು ತಾಗಿದೆ. ಮೊದಲು ಅಲ್ಲಿ ಇದ್ದದ್ದು ಆ ಕಾಲದ ಹೆಸರಾಂತ ವಿನ್ಯಾಸಕಾರ ವಿಲಿಯಂ ಮಾರಿಸ್ ಸಂಸ್ಥೆಯ ಗೋಡೆ ಕಾಗದ. ಆಮೇಲೆ ಸ್ಯಾಂಬೋರ್ನನಿಗೆ ಚಿನ್ನದ ಬಣ್ಣದ, ಚರ್ಮದಂತೆ ಕಾಣುವ ಉಬ್ಬು ಕಾಗದದ ಮೇಲೆ ಆಸೆಯಾಯಿತು. ಅದು ದುಬಾರಿ. ಅವನು ಕಂಡುಕೊಂಡ ದಾರಿ ಸರಳ: ಹೊಸ ಕಾಗದವನ್ನು ಕಣ್ಣಿಗೆ ಬೀಳುವ ಕಡೆಗಳಲ್ಲಿ ಮಾತ್ರ ಅಂಟಿಸಿ ಚಿತ್ರಗಳ ಹಿಂದೆ ಹಳೆಯದನ್ನೇ ಬಿಟ್ಟ. ಆ ಜಿಪುಣತನದ ಪುಣ್ಯದಿಂದ ಒಂದು ಚಿತ್ರವನ್ನು ಕೆಳಗಿಳಿಸಿದರೆ ಮಾರಿಸ್ ಕಾಗದ ಇಂದಿಗೂ ಸಿಗುತ್ತದೆ. ಇತಿಹಾಸಕಾರರಿಗೆ ಇದಕ್ಕಿಂತ ದೊಡ್ಡ ಉಡುಗೊರೆಯಿಲ್ಲ.

ಗಾಢ ಹಸಿರು, ಕಂದು, ಕೆಂಪು ಬಣ್ಣಗಳೇ ಹೆಚ್ಚು ಬಳಕೆಯಲ್ಲಿದ್ದುದಕ್ಕೆ ರುಚಿಯ ಜೊತೆ ಮಸಿಯೂ ಕಾರಣ, ತಿಳಿ ಬಣ್ಣ ಬೇಗ ಕೊಳೆಯಾಗುತ್ತಿತ್ತು. ಆ ಕಾಲದ ಕೆಲವು ಹಸಿರು ಬಣ್ಣಗಳಲ್ಲಿ ಆರ್ಸೆನಿಕ್ ಇರುತ್ತಿತ್ತು ಎಂಬುದನ್ನೂ, ಹಳೆಯ ಮರಗೆಲಸದ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು ಎಂಬುದನ್ನೂ ಇಂಥ ಮನೆ ಕೊಂಡು ಉಜ್ಜಲು ಕೂರುವವರು ತಿಳಿದಿರಬೇಕು.

ಕಿಟಕಿಯ ಒಳಗುಟ್ಟು

ಸ್ಯಾಶ್ ಕಿಟಕಿಗೆ ತಿರುಗಣಿ ಇಲ್ಲ. ಎರಡು ಚೌಕಟ್ಟುಗಳು ಒಂದರ ಮುಂದೊಂದು ಮೇಲೆ ಕೆಳಗೆ ಜಾರುತ್ತವೆ. ಭಾರವಾದ ಗಾಜಿನ ಚೌಕಟ್ಟು ನಿಲ್ಲಿಸಿದಲ್ಲೇ ನಿಲ್ಲುವುದು ಹೇಗೆ? ಎರಡೂ ಬದಿಯ ಮರದ ಕಂಬಗಳು ಪೊಳ್ಳು. ಅವುಗಳೊಳಗೆ ಕಬ್ಬಿಣದ ಅಥವಾ ಸೀಸದ ಗುಂಡುಗಳು ಹಗ್ಗದಲ್ಲಿ ನೇತಾಡುತ್ತವೆ, ಹಗ್ಗ ಒಂದು ಪುಟ್ಟ ರಾಟೆಯ ಮೇಲಿಂದ ಬಂದು ಚೌಕಟ್ಟಿಗೆ ಕಟ್ಟಿರುತ್ತದೆ. ಗುಂಡುಗಳ ತೂಕ ಮತ್ತು ಚೌಕಟ್ಟಿನ ತೂಕ ಸಮ. ಆದ್ದರಿಂದ ಬೆರಳಿನಿಂದ ಎತ್ತಿದರೂ ಏಳುತ್ತದೆ. ಕಿಟಕಿ ಎತ್ತಿದಾಗ ಗೋಡೆಯೊಳಗೆ ಟಣ್ ಎಂದು ಸದ್ದಾದರೆ ಅದು ಇಳಿದು ತಾಗಿದ ಗುಂಡು.

ಮೇಲಿನದನ್ನು ಸ್ವಲ್ಪ ಇಳಿಸಿ, ಕೆಳಗಿನದನ್ನು ಸ್ವಲ್ಪ ಎತ್ತಿದರೆ ಬಿಸಿಗಾಳಿ ಮೇಲಿನಿಂದ ಹೊರಗೆ, ತಂಪು ಕೆಳಗಿನಿಂದ ಒಳಗೆ. ಕಾಲವನ್ನೂ ಇವು ಹೇಳುತ್ತವೆ. ಚಿಕ್ಕ ಚಿಕ್ಕ ಗಾಜುಗಳ ಜಾಲವಿದ್ದರೆ ಹೆಚ್ಚಾಗಿ ಹಳೆಯದು. ಗಾಜು ಅಗ್ಗವಾದ ಮೇಲೆ ಒಂದೋ ಎರಡೋ ದೊಡ್ಡ ಹಾಳೆಗಳು ಬಂದವು. ಅವುಗಳ ಭಾರಕ್ಕೆ ಮೂಲೆಯ ಜೋಡಣೆ ಬಿಡದಿರಲಿ ಎಂದು ಮೇಲಿನ ಚೌಕಟ್ಟಿನ ಬದಿಯ ಮರವನ್ನು ಸ್ವಲ್ಪ ಕೆಳಕ್ಕೆ ಉಳಿಸಿ ಕೊಂಬಿನಂತೆ ಕೆತ್ತಿದರು. ಆ ಪುಟ್ಟ ಕೊಂಬು ಕಂಡರೆ ಸಾಮಾನ್ಯವಾಗಿ ಕಿಟಕಿ ವಿಕ್ಟೋರಿಯಾ ಕಾಲದ್ದು.

ಉಸಿರಾಡುವ ಗೋಡೆ

ಇಂದಿನ ಬ್ರಿಟನ್ನಿನ ಮನೆಗೆ ಎರಡು ಪದರದ ಹೊರಗೋಡೆ, ನಡುವೆ ಸಂದು. ವಿಕ್ಟೋರಿಯಾ ಕಾಲದ ಹೆಚ್ಚಿನ ಮನೆಗಳಿಗೆ ಒಂದೇ ಗಟ್ಟಿ ಗೋಡೆ, ಅನೇಕ ಕಡೆ ಒಂಬತ್ತು ಅಂಗುಲ ದಪ್ಪ, ಸುಣ್ಣದ ಗಾರೆಯಲ್ಲಿ ಕಟ್ಟಿದ್ದು. ಮಳೆ ಬಂದಾಗ ಇದು ನೀರನ್ನು ಒಂದಿಷ್ಟು ಹೀರುತ್ತದೆ, ಬಿಸಿಲು ಗಾಳಿಗೆ ಮತ್ತೆ ಬಿಡುತ್ತದೆ. ನಮ್ಮ ಮಣ್ಣಿನ ಹೂಜಿ ಹೊರಮೈಯಿಂದ ಬೆವರುವುದಿಲ್ಲವೇ, ಹಾಗೆ. ಹೂಜಿಗೆ ಎಣ್ಣೆ ಬಣ್ಣ ಬಳಿದರೆ ಬೆವರು ನಿಲ್ಲುತ್ತದೆ. ಇಟ್ಟಿಗೆಯ ಸಂದಿಗೆ ಗಟ್ಟಿ ಸಿಮೆಂಟ್ ತುಂಬಿದಾಗ ಆಗುವುದೂ ಅದೇ. ಒಳಗಿನ ತೇವಕ್ಕೆ ಸಂದಿಯಲ್ಲಿ ದಾರಿ ಸಿಗದೆ ಇಟ್ಟಿಗೆಯ ಮೂಲಕ ಹೊರಡುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಇಟ್ಟಿಗೆಯ ಮುಖವೇ ಸಿಪ್ಪೆಯಂತೆ ಏಳುತ್ತದೆ.

ನೆಲ ಅಂತಸ್ತಿನ ಹಲಗೆ ನೆಲದ ಕೆಳಗೂ ಟೊಳ್ಳು ಇರುತ್ತದೆ. ಹೊರಗೋಡೆಯ ಬುಡದಲ್ಲಿ ತೂತುಗಳಿರುವ ಇಟ್ಟಿಗೆ ಅಥವಾ ಕಬ್ಬಿಣದ ಜಾಲರಿ ಕಂಡರೆ ಅದು ಆ ಟೊಳ್ಳಿಗೆ ಗಾಳಿ ಕೊಡಲು. ಚಳಿ ಬರುತ್ತದೆಂದು ಅದನ್ನು ಮುಚ್ಚುವವರಿದ್ದಾರೆ, ಕೆಲವು ವರ್ಷಗಳಲ್ಲಿ ತೊಲೆಗಳು ಕೊಳೆಯುತ್ತವೆ.

1952ರ ಡಿಸೆಂಬರಿನಲ್ಲಿ ಲಂಡನ್ನನ್ನು ಕವಿದ ಹೊಗೆಮಂಜು ಸಾವಿರಾರು ಜನರನ್ನು ಕೊಂದಿತು. 1956ರಲ್ಲಿ ಶುದ್ಧ ಗಾಳಿಯ ಕಾಯಿದೆ ಬಂತು, ಕ್ರಮೇಣ ಕಲ್ಲಿದ್ದಲ ಒಲೆಗಳು ಆರಿದವು. ಅಗ್ಗಿಷ್ಟಿಕೆಗಳನ್ನು ಹಲಗೆಯಿಂದ ಮುಚ್ಚಿದರು, ಕಿಟಕಿಗಳಿಗೆ ಪ್ಲಾಸ್ಟಿಕ್ ಬಂತು. ಗಾಳಿ ಸೆಳೆಯುತ್ತಿದ್ದ ಬೆಂಕಿಯೂ ಇಲ್ಲ, ಗಾಳಿ ಬರುತ್ತಿದ್ದ ಸಂದೂ ಇಲ್ಲ. ಒಗ್ಗರಣೆಯ ಹಬೆ, ಕುಕ್ಕರಿನ ಆವಿ, ಒಳಗೇ ಒಣಹಾಕಿದ ಬಟ್ಟೆಯ ತೇವ ಎಲ್ಲವೂ ತಣ್ಣನೆಯ ಗೋಡೆಯ ಮೂಲೆಯಲ್ಲಿ ಕುಳಿತು ಕಪ್ಪು ಬೂಷ್ಟಾಗುತ್ತವೆ. ಮುಚ್ಚಿದ ಅಗ್ಗಿಷ್ಟಿಕೆಗೆ ಒಂದು ಸಣ್ಣ ಜಾಲರಿ ಬಿಡಿಸುವುದು ಇದಕ್ಕೆ ಹೆಚ್ಚು ಖರ್ಚಿಲ್ಲದ ಪರಿಹಾರಗಳಲ್ಲಿ ಒಂದು.

ಬೆಂಗಳೂರಿಗೆ ಬಂದದ್ದು

ಇದೇ ಕಾಲದ ರುಚಿ ಬೆಂಗಳೂರು ದಂಡಿನ ಬಂಗಲೆಗಳಿಗೂ ಬಂತು, ಆದರೆ ಇಲ್ಲಿ ಜಾಗಕ್ಕೆ ಬರವಿರಲಿಲ್ಲ, ಚಳಿಯೂ ಅಷ್ಟಿರಲಿಲ್ಲ. ಸಾಲುಮನೆಯ ಬದಲು ತೋಟದ ನಡುವೆ ಒಂಟಿ ಮನೆ, ಸ್ಲೇಟಿನ ಬದಲು ಮಂಗಳೂರು ಹೆಂಚು, ಕಿಟಕಿ ಮತ್ತು ಪೋರ್ಟಿಕೋಗಳ ಮೇಲೆ ‘ಮಂಕಿ ಟಾಪ್’ ಎಂದು ಕರೆಯುವ ಚೂಪಾದ ಮರದ ಕುಲಾವಿ. ಅಗ್ಗಿಷ್ಟಿಕೆಯನ್ನು ಮಾತ್ರ ಕೆಲವರು ಬಿಡಲಿಲ್ಲ, ಅಭ್ಯಾಸಬಲ. ಅಗ್ಗದ ಗಾಜು ಮತ್ತು ಎರಕದ ಕಬ್ಬಿಣದ ಅದೇ ಯುಗದ ದೊಡ್ಡ ಕೂಸು 1889ರಲ್ಲಿ ಅಡಿಗಲ್ಲು ಕಂಡ ಲಾಲ್‌ಬಾಗಿನ ಗಾಜಿನ ಮನೆ.

ಉಳಿದದ್ದು ಹೇಗೆ, ಮುಟ್ಟಬಹುದಾದದ್ದು ಏನು

ಸ್ಯಾಂಬೋರ್ನ್ 1910ರಲ್ಲಿ ತೀರಿಕೊಂಡ, ಮೇರಿಯನ್ 1914ರಲ್ಲಿ. ಮದುವೆಯಾಗದ ಮಗ ರಾಯ್ 1946ರವರೆಗೆ ಅಲ್ಲೇ ಇದ್ದ, ಏನನ್ನೂ ಹೆಚ್ಚು ಬದಲಿಸಲಿಲ್ಲ. ನಂತರ ಮನೆ ಮಾಡ್ ಕೈಗೆ, ಅವಳಿಂದ ಅವಳ ಮಗಳು, ‘ರಾಸ್‌ನ ಕೌಂಟೆಸ್’ ಎಂಬ ಬಿರುದಿದ್ದ ಆನ್ ಕೈಗೆ ಬಂತು. ಆಗ ವಿಕ್ಟೋರಿಯಾ ಕಾಲದ್ದೆಂದರೆ ಜನ ಮೂಗು ಮುರಿಯುತ್ತಿದ್ದರು, ಕೆಡವುವುದೇ ಪ್ರಗತಿ ಎನಿಸಿತ್ತು. 1957ರಲ್ಲಿ ಆನ್ ಇದೇ ದಿವಾನಖಾನೆಯಲ್ಲಿ ಕವಿ ಜಾನ್ ಬೆಟ್ಜೆಮನ್ ಮೊದಲಾದವರನ್ನು ಸೇರಿಸಿದಳು. ಅಲ್ಲಿಂದ ಹುಟ್ಟಿದ್ದು ಆ ಕಾಲದ ಕಟ್ಟಡಗಳನ್ನು ಉಳಿಸಲು ಹೋರಾಡುವ ವಿಕ್ಟೋರಿಯನ್ ಸೊಸೈಟಿ. ಮನೆ 1980ರಲ್ಲಿ ಸಾರ್ವಜನಿಕರಿಗೆ ತೆರೆಯಿತು.

ಇಂಗ್ಲೆಂಡಿನಲ್ಲಿ ಮಹತ್ವದ ಕಟ್ಟಡಗಳ ಅಧಿಕೃತ ಪಟ್ಟಿಯಿದೆ. ಪಟ್ಟಿಯಲ್ಲಿರುವ ಮನೆಯ ಸ್ವರೂಪ ಬದಲಿಸುವ ಯಾವ ಕೆಲಸಕ್ಕೂ, ಒಳಗಿನ ಅಗ್ಗಿಷ್ಟಿಕೆ ಕೀಳುವುದಕ್ಕೂ, ಸ್ಥಳೀಯ ಆಡಳಿತದ ಒಪ್ಪಿಗೆ ಬೇಕು. ಒಪ್ಪಿಗೆಯಿಲ್ಲದೆ ಮಾಡಿದರೆ ಅದು ಅಪರಾಧ. ಆದರೆ 1850ರ ನಂತರದ ಮನೆಗಳನ್ನು ಆರಿಸಿ ಆರಿಸಿ ಪಟ್ಟಿಗೆ ಸೇರಿಸುವುದರಿಂದ ಜಾಹೀರಾತುಗಳಲ್ಲಿ ಕಾಣುವ ಸಾಲುಮನೆಗಳಲ್ಲಿ ಬಹುಪಾಲು ಅದರಲ್ಲಿ ಇರುವುದಿಲ್ಲ. ಕೆಲವು ಸಂರಕ್ಷಿತ ಪ್ರದೇಶದೊಳಗೆ ಬೀಳುತ್ತವೆ. ಅಲ್ಲಿನ ಕಟ್ಟಳೆ ಮುಖ್ಯವಾಗಿ ಮನೆಯ ಹೊರಮೈಗೆ ಸಂಬಂಧಿಸಿದ್ದು, ಕಿಟಕಿ ಬದಲಿಸುವುದಕ್ಕೂ ಕೆಲವು ಕಡೆ ಅನುಮತಿ ಕೇಳುತ್ತಾರೆ. ಮನೆ ಯಾವ ವರ್ಗಕ್ಕೆ ಸೇರಿದೆ ಎಂಬುದನ್ನು ಮುಂಗಡ ಕೊಡುವ ಮೊದಲೇ ಸ್ಥಳೀಯ ಆಡಳಿತದ ಯೋಜನಾ ವಿಭಾಗದಲ್ಲಿ ವಿಚಾರಿಸಬಹುದು. ಗೋಡೆಯ ತೇವ ಪರೀಕ್ಷಿಸಲು ಸುಣ್ಣದ ಗಾರೆಯ ಮನೆಗಳ ಅನುಭವವಿರುವ ಸರ್ವೇಯರನ್ನೇ ಕರೆಯುವುದು ಒಳ್ಳೆಯದು.